ಆಂಗ್ಲಭಾಷೆಯ ‘ಡಿಗ್’ ಧಾತು: ಒಂದು ಅರ್ಥವಿಮರ್ಶೆ

ಇಂಗ್ಲಿಷಿನ ‘ಡಿಗ್’ ಎಂಬ ಕ್ರಿಯಾಪದಕ್ಕೆ ‘ಅಗೆ’ ಎಂದು ಅರ್ಥ ಹೇಳಿ ಮುಂದೆ ಸಾಗುವುದು ನಮ್ಮಲ್ಲಿ ರೂಢಿ. ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದು, ತಡವಾಗಿ ಇಂಗ್ಲಿಷನ್ನು ಕಲಿತ ನಾನೂ ‘ಇದು ನಮ್ಮ ಖನ್ ಧಾತುವೇ’ ಎಂದು ವಿದ್ಯಾರ್ಥಿಗಳಿಗೆ ಹೇಳಿ ತೃಪ್ತನಾಗಿದ್ದೆನು. ಒಮ್ಮೆ ವಿದ್ಯಾರ್ಥಿಯೊಬ್ಬನು ಯುದ್ಧವೃತ್ತಾಂತವೊಂದನ್ನು ಭಾಷಾಂತರಿಸುತ್ತ ‘ಸೈನಿಕರು ಒಳಗೆ ಅಗೆದರು’ ಎಂದು ಬರೆದು ತಂದನು. ತಪ್ಪು ಅವನದಲ್ಲ, ನನ್ನದೆಂದು ಆಗ ಮನವರಿಕೆಯಾಯಿತು. ಆ ತಪ್ಪಿನ ಮೂಲವನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಈ ಧಾತುವು ಆ ಭಾಷೆಯಲ್ಲಿ ಬಹು ಪ್ರಾಚೀನವಾದುದಲ್ಲ. ಹಳೆಯ ಇಂಗ್ಲಿಷಿನಲ್ಲಿ ಈ ಅರ್ಥಕ್ಕೆ ‘ಡೆಲ್ಫನ್’, ‘ಗ್ರಾಫನ್’ ಎಂಬ ಬೇರೆ ಧಾತುಗಳಿದ್ದುವು. ‘ಡಿಗ್’ 14ನೆಯ ಶತಮಾನದಿಂದ ಕಾಣಬರುತ್ತದೆ. ಇದರ ಭೂತರೂಪವೂ ಮೊದಲು ‘ಡಿಗ್ಡ್’ ಎಂದೇ ಇದ್ದಿತು. 1611ರ ಬೈಬಲ್ ಭಾಷಾಂತರದಲ್ಲಿ ಆ ರೂಪವೇ ಇದೆ. ಇಂದಿನ ‘ಡಗ್’ ಎಂಬುದು ಅನಂತರ ನೆಲೆಗೊಂಡುದು.

ಇನ್ನು ಅರ್ಥವಿಚಾರ. ನೆಲವನ್ನು, ಬಾವಿಯನ್ನು, ನಿಧಿಯನ್ನು—ಮೂರನ್ನೂ ಆಂಗ್ಲರು ‘ಡಿಗ್’ ಮಾಡುತ್ತಾರೆ. ಆದರೆ ಮೂರು ಕರ್ಮಗಳೂ ಒಂದೇ ಜಾತಿಯವಲ್ಲ. ಭರ್ತೃಹರಿಯು ವಾಕ್ಯಪದೀಯದಲ್ಲಿ ಹೇಳುವ ವಿಭಾಗವು ಇಲ್ಲಿ ಉಪಯುಕ್ತವಾಗಿದೆ. ನೆಲವು ವಿಕಾರ ಹೊಂದುವುದರಿಂದ ವಿಕಾರ್ಯ. ಬಾವಿಯು ಹೊಸದಾಗಿ ಹುಟ್ಟುವುದರಿಂದ ನಿರ್ವರ್ತ್ಯ. ನಿಧಿಯು ಮೊದಲೇ ಇದ್ದು ದೊರೆಯುವುದರಿಂದ ಪ್ರಾಪ್ಯ. ಕನ್ನಡವು ಈ ಭೇದವನ್ನು ಬಹುಮಟ್ಟಿಗೆ ಧಾತುವಿನಲ್ಲಿಯೇ ತೋರಿಸುತ್ತದೆ: ನೆಲವನ್ನು ಅಗೆಯುತ್ತೇವೆ, ಬಾವಿಯನ್ನು ತೋಡುತ್ತೇವೆ, ನಿಧಿಯನ್ನು ಅಗೆದು ತೆಗೆಯುತ್ತೇವೆ. ‘ಬಾವಿ ಅಗೆದರು’ ಎಂಬ ಪ್ರಯೋಗವೂ ಉಂಟು, ನಿಜ. ಆದರೆ ‘ತೋಡು’ ಎಂದಾಗ ಶ್ರಮಕ್ಕಿಂತ ಫಲವೇ ಮುಂದೆ ನಿಲ್ಲುತ್ತದೆ. ‘ಬೆಟ್ಟ ಅಗೆದು ಇಲಿ ಹಿಡಿದಂತೆ’ ಎಂಬ ಗಾದೆಯಲ್ಲಿ ಶ್ರಮವೇ ಪ್ರಧಾನವಾದುದರಿಂದ ಅಲ್ಲಿ ‘ತೋಡಿ’ ಎಂದರೆ ಸ್ವಾರಸ್ಯ ಕೆಡುವುದು.

ವಿದ್ಯಾರ್ಥಿಯನ್ನು ಎಡವಿಸಿದುದು ಧಾತುವಲ್ಲ, ಅದರ ಹಿಂದೆ ಬಂದ ‘ಇನ್’ ಎಂಬ ಅವ್ಯಯ. ಉಪಸರ್ಗಗಳು ಧಾತುವಿನ ಅರ್ಥವನ್ನು ಬೇರೆಡೆಗೆ ಒಯ್ಯುವುದು ವೈಯಾಕರಣರಿಗೆ ಹೊಸದಲ್ಲ. ಖನ್ ಧಾತುವಿಗೆ ‘ಉತ್’ ಸೇರಿದರೆ ಕಿತ್ತು ಮೇಲೆತ್ತುವ ಅರ್ಥ. ‘ನಿ’ ಸೇರಿದರೆ ಹೂಳುವ, ಭದ್ರವಾಗಿ ನೆಡುವ ಅರ್ಥ. ಸ್ಥೂಣಾನಿಖನನ ನ್ಯಾಯದಲ್ಲಿ ಕಂಬವನ್ನು ಅಲುಗಿಸಿ ಅಲುಗಿಸಿ ನೆಡುವುದು ಇದೇ ‘ನಿ’ಯ ಬಲದಿಂದ. ‘ಡಿಗ್ ಅಪ್’ ಎಂಬುದು ಉತ್ಖನನ. ‘ಡಿಗ್ ಇನ್’ ಎಂಬುದು ನಿಖನನಕ್ಕೆ ಸಮೀಪ. ಆದುದರಿಂದ ‘ಸೈನಿಕರು ಕಂದಕ ತೋಡಿ ನೆಲೆಯೂರಿದರು’ ಎಂಬುದೇ ಸರಿಯಾದ ಭಾಷಾಂತರ. ಅವ್ಯಯವು ಹಿಂದೆ ಬರುವುದೆಂದು ಆಕ್ಷೇಪಿಸುವವರು ಪಾಣಿನಿಯನ್ನು ಸ್ಮರಿಸಲಿ: ಉಪಸರ್ಗವು ಧಾತುವಿಗೆ ಪೂರ್ವದಲ್ಲಿರಬೇಕೆಂದು ವಿಧಿಸಿದ ಆಚಾರ್ಯನೇ, ವೇದದಲ್ಲಿ ಅದು ಪರದಲ್ಲಿಯೂ, ನಡುವೆ ಬೇರೆ ಪದಗಳಿದ್ದರೂ, ಬರಬಹುದೆಂದು ಒಪ್ಪಿದ್ದಾನೆ.

ವಾಚ್ಯಾರ್ಥವನ್ನು ಎಲ್ಲಿ ಉಳಿಸಬೇಕು, ಎಲ್ಲಿ ಬಿಡಬೇಕು ಎಂಬುದು ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ. 1649ರಲ್ಲಿ ಇಂಗ್ಲೆಂಡಿನ ಸರೆ ಪ್ರಾಂತದ ಸೇಂಟ್ ಜಾರ್ಜ್ ಗುಡ್ಡದಲ್ಲಿ ವಿನ್‌ಸ್ಟನ್ಲಿ ಮತ್ತು ಅವನ ಸಂಗಡಿಗರು ಸಾರ್ವಜನಿಕ ಭೂಮಿಯನ್ನು ಅಗೆದು ಬಿತ್ತನೆ ಮಾಡಿದರು. ಅವರಿಗೆ ‘ಡಿಗ್ಗರ್ಸ್’ ಎಂದು ಹೆಸರಾಯಿತು. ಭೂಮಿಯು ಎಲ್ಲರ ಸೊತ್ತೆಂಬ ಅವರ ಮತವೆಲ್ಲ ಆ ಅಗೆತದಲ್ಲಿಯೇ ಇರುವುದರಿಂದ ಇಲ್ಲಿ ‘ಅಗೆಯುವವರು’ ಎಂಬುದೇ ಯುಕ್ತ. ಆದರೆ ಆಸ್ಟ್ರೇಲಿಯದ ಚಿನ್ನದ ಗಣಿಗಳಲ್ಲಿ ಬಳಕೆಯಲ್ಲಿದ್ದ ಅದೇ ‘ಡಿಗ್ಗರ್’ ಪದವು ಮೊದಲನೆಯ ಮಹಾಯುದ್ಧದಲ್ಲಿ ಆ ದೇಶದ ಯೋಧನ ಹೆಸರಾಯಿತು. ಇದು ರೂಢಿಲಕ್ಷಣೆ, ಇಲ್ಲಿ ‘ಅಗೆಯುವವನು’ ಎಂದರೆ ಅನರ್ಥ. ಪಕ್ಕೆಗೆ ‘ಡಿಗ್’ ಮಾಡಿದರೆ ನಾವು ತಿವಿಯುತ್ತೇವೆ. ಮಾತಿನಲ್ಲಿ ಮಾಡಿದರೆ ಕುಟುಕುತ್ತೇವೆ. ಹಳೆಯ ಜಗಳವನ್ನಾದರೋ ಕೆದಕುತ್ತೇವೆ.

ಅಮೆರಿಕದ ಕಪ್ಪು ಜನರ ಜಾಝ್ ಸಂಗೀತಗಾರರ ವಲಯದಲ್ಲಿ, 1930ರ ದಶಕದ ಹೊತ್ತಿಗೆ, ಈ ಧಾತುವಿಗೆ ‘ಅರಿ’, ‘ಮೆಚ್ಚು’ ಎಂಬ ಅರ್ಥವೂ ಪ್ರಚಾರಕ್ಕೆ ಬಂದಿತು. ಇದನ್ನು ಗ್ರಾಮ್ಯವೆಂದು ತಳ್ಳುವ ಮುನ್ನ ನಮ್ಮ ‘ಬಗೆ’ಯನ್ನು ನೋಡಬೇಕು. ನೆಲವನ್ನೂ ಒಡಲನ್ನೂ ಬಗೆಯುವುದುಂಟು. ಮನಸ್ಸಿನಲ್ಲಿ ಬಗೆಯುವುದೂ ಉಂಟು. ಎರಡಕ್ಕೂ ಧಾತು ಒಂದೇ ಎಂದು ರೂಪಸಾಮ್ಯಮಾತ್ರದಿಂದ ಸಾಧಿಸಲಾಗದು. ಆದರೂ ಕನ್ನಡಿಗನ ಕಿವಿಗೆ ಆ ಸಂಬಂಧವು ಅಸಹಜವಲ್ಲ. ಮನದ ಅಳಲನ್ನು ‘ತೋಡಿಕೊಳ್ಳುವ’ ಜನ ನಾವು.

ಒಂದು ಪದಕ್ಕೆ ಒಂದೇ ಪ್ರತಿಪದವೆಂಬ ಹಟದಿಂದ ಇಂಗ್ಲಿಷಿಗಿಂತ ಹೆಚ್ಚಾಗಿ ಕನ್ನಡವೇ ಬಡವಾಗುತ್ತದೆ. ತೋಡು, ಬಗೆ, ಕೆದಕು, ತಿವಿ ಎಂಬ ನುಡಿಗಳು ಕೈಯಳತೆಯಲ್ಲಿದ್ದರೂ ಮರೆಯಾಗುತ್ತವೆ. ಉಪಾಧ್ಯಾಯರು ಪ್ರತಿಪದವನ್ನು ಕೊಡುವುದಕ್ಕೆ ಮೊದಲು ಕರ್ಮವನ್ನೂ ಅವ್ಯಯವನ್ನೂ ಪರೀಕ್ಷಿಸಲಿ. ಪ್ರಯತ್ನದಲ್ಲಿ ತಪ್ಪುಗಳಾಗಬಹುದು. ಪತಂಜಲಿಯು ಮಹಾಭಾಷ್ಯದಲ್ಲಿ ಹೇಳುವ ಕೂಪಖಾನಕನು ಬಾವಿ ತೋಡುವಾಗ ಮೈಯೆಲ್ಲ ಮಣ್ಣಾಗುತ್ತಾನೆ. ನೀರು ಕಂಡೊಡನೆ ಅದರಿಂದಲೇ ಶುದ್ಧನಾಗುತ್ತಾನೆ. ಭಾಷಾಂತರಕಾರನ ಗತಿಯೂ ಅದೇ. ಆದರೆ ನೀರು ಕಾಣುವವರೆಗೂ ಅವನು ತೋಡುತ್ತಿರಬೇಕು.