ಮೊಸಾಯಿಕ್ ಲಸಿಕೆಗೆ ಸಂದ ಹೊಗಳಿಕೆ, ವೈವಿಧ್ಯದ ಮೇಲೆ ಹೊರಿಸಿದ ದೂರು

ಎಚ್‌ಐವಿ ಲಸಿಕೆಯ ಮಾತು ಬಂದಾಗಲೆಲ್ಲ ಈಗ ಒಂದೇ ಷರಾ: ವೈರಸ್ಸಿನ ತಳಿವೈವಿಧ್ಯವೇ ಲಸಿಕೆಯನ್ನು ಸೋಲಿಸಿತು. ಮೊಸಾಯಿಕ್ ಲಸಿಕೆಯನ್ನು ಪರೀಕ್ಷಿಸಿದ ಎರಡು ಪ್ರಯೋಗಗಳು, 2021ರಲ್ಲಿ ಇಂಬೊಕೊಡೊ, 2023ರಲ್ಲಿ ಮೊಸೈಕೊ, ನಿಂತ ಮೇಲೆ ಅದು ತೀರ್ಪೇ ಆಗಿಬಿಟ್ಟಿದೆ. ಅದಕ್ಕೂ ಮುಂಚೆ ಇದೇ ಲಸಿಕೆ ವೈವಿಧ್ಯದ ಒಗಟನ್ನು ಬಿಡಿಸಿತೆಂಬ ಹೊಗಳಿಕೆಯಿತ್ತು. ನನ್ನ ತಕರಾರು ಎರಡರ ಮೇಲೂ.

ನಕಲಿಸುವಾಗ ತಪ್ಪು ತಿದ್ದಿಕೊಳ್ಳದ ಕಿಣ್ವ, ಉಪತಳಿಗಳ ಬೆರಕೆ, ಹೊರಕವಚದ ಪ್ರೋಟೀನಿನಲ್ಲಿ ಶೇ 35ರವರೆಗೂ ಹೋಗುವ ವ್ಯತ್ಯಾಸ ಎಲ್ಲ ಓದುಗರಿಗೆ ಗೊತ್ತಿರುವಂಥವೇ. ನಿಂತು ನೋಡಬೇಕಾದದ್ದು ಈ ಲಸಿಕೆಯ ಹಿಂದಿರುವ, ಲಾಸ್ ಅಲಮೋಸ್‌ನ ಬೆಟ್ಟಿ ಕೋರ್ಬರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಉಪಾಯವನ್ನು. ಟಿ-ಕೋಶ ವೈರಸ್ಸನ್ನು ಇಡಿಯಾಗಿ ನೋಡುವುದಿಲ್ಲ. ಸೋಂಕಿತ ಕೋಶದ ಮೇಲೆ ಕಾಣುವ, ಒಂಬತ್ತರ ಆಸುಪಾಸು ಅಮೈನೋ ಆಮ್ಲಗಳ ತುಣುಕನ್ನು ಗುರುತಿಸುತ್ತದೆ. ಹಾಗಾದರೆ ಲೋಕದ ತಳಿಗಳನ್ನೆಲ್ಲ ಒಂಬತ್ತೊಂಬತ್ತರ ತುಣುಕುಗಳಾಗಿ ಎಣಿಸಿ, ಆದಷ್ಟು ಹೆಚ್ಚು ತುಣುಕು ಅಡಕವಾಗುವಂತೆ ಕೆಲವೇ ಕೃತಕ ಪ್ರೋಟೀನು ಕಟ್ಟಬಹುದು. ಕಂಪ್ಯೂಟರ್ ನೈಜ ತಳಿಗಳ ಅನುಕ್ರಮಗಳನ್ನೇ ತುಂಡರಿಸಿ ಕೂಡಿಸುತ್ತದೆ, ವ್ಯಾಪ್ತಿ ಹೆಚ್ಚಿದ್ದನ್ನು ಉಳಿಸಿಕೊಳ್ಳುತ್ತದೆ, ನಿಸರ್ಗದಲ್ಲಿ ಕಾಣದ ಜೋಡಣೆ ಬಂದರೆ ಕೈಬಿಡುತ್ತದೆ. ಯೋಚನೆ ಸುಂದರವಾಗಿದೆ. ಟಿ-ಕೋಶದ ಮಟ್ಟಿಗೆ ಅದು ನ್ಯಾಯವಾದದ್ದೂ ಹೌದು.

ಆದರೆ ಅದು ಅಳೆಯುವುದು ಅನುಕ್ರಮವನ್ನು ಮಾತ್ರ. ಸೋಂಕನ್ನು ಬಾಗಿಲಲ್ಲೇ ತಡೆಯಬೇಕಾದ ಪ್ರತಿಕಾಯ ಹಿಡಿಯುವುದು ಮಡಿಚಿಕೊಂಡ ಪ್ರೋಟೀನಿನ ಆಕಾರವನ್ನು. ಅದೂ ಸಕ್ಕರೆಯ ಸರಪಳಿಗಳು ಮುಚ್ಚದೆ ಬಿಟ್ಟ ಕಿರಿದಾದ ಜಾಗಗಳನ್ನು. ಅನುಕ್ರಮದಲ್ಲಿ ದೂರವಿದ್ದ ಆಮ್ಲಗಳು ಅಲ್ಲಿ ಅಕ್ಕಪಕ್ಕ ಬಂದು ಕೂರುತ್ತವೆ. ಒಂಬತ್ತರ ಎಣಿಕೆಗೆ ಆ ನೆರೆಹೊರೆ ಕಾಣುವುದೇ ಇಲ್ಲ. ಟಿ-ಕೋಶಕ್ಕೆಂದು ಹಾಕಿದ ಲೆಕ್ಕವನ್ನು ಇಡೀ ಲಸಿಕೆಯ ಹಿರಿಮೆಯಾಗಿ ಮೆರೆಸಿದ್ದು ಮೊದಲ ತಪ್ಪು.

ಎರಡನೆಯದು ಇನ್ನೂ ಗಂಭೀರ. ಲಸಿಕೆಗೆ ಕೀರ್ತಿ ತಂದದ್ದು 2018ರ ಮಂಗಗಳ ಪ್ರಯೋಗ: ಆರು ಬಾರಿ ವೈರಸ್ಸಿಗೆ ಒಡ್ಡಿದ ಮೇಲೂ ಶೇ 67ರಷ್ಟು ಮಂಗಗಳು ಸೋಂಕಿಲ್ಲದೆ ಉಳಿದವು. ಒಡ್ಡಿದ್ದು ಯಾವ ವೈರಸ್ಸಿಗೆ? ಎಸ್‌ಎಫ್162ಪಿ3 ಎಂಬ ಒಂದೇ ಒಂದು ‘ಬಿ’ ಉಪತಳಿಯ ವೈರಸ್ಸಿಗೆ. ಜಗತ್ತಿನ ಎಲ್ಲ ತಳಿಗಳಿಗೂ ಆಗಲಿ ಎಂದು ಕಟ್ಟಿದ ಲಸಿಕೆಯನ್ನು ಒಂದೇ ತಳಿಯೆದುರು ನಿಲ್ಲಿಸಿ ನೋಡಿದ್ದರಿಂದ ವೈವಿಧ್ಯದ ಬಗ್ಗೆ ಏನೂ ತಿಳಿಯಲಿಲ್ಲ. ಆದರೂ ಬರೆದವರು ಬರೆದರು, ಓದಿದವರು ನಂಬಿದರು.

ಇನ್ನು ದೂರಿನ ವಿಚಾರ. ಇಂಬೊಕೊಡೊ ನಡೆದದ್ದು ಆಫ್ರಿಕಾದ ದಕ್ಷಿಣ ಭಾಗದ ಐದು ದೇಶಗಳಲ್ಲಿ, 2,600ಕ್ಕೂ ಹೆಚ್ಚು ಯುವತಿಯರಲ್ಲಿ. ಅಲ್ಲಿ ಹರಡಿರುವುದು ಬಹುಪಾಲು ‘ಸಿ’ ಉಪತಳಿ. ಲಸಿಕೆಯ ಕೊನೆಯ ಡೋಸುಗಳಲ್ಲಿ ಸೇರಿಸಿದ್ದ ಹೊರಕವಚದ ಪ್ರೋಟೀನೂ ‘ಸಿ’ಯದೇ. ಮೊದಲು ಪ್ರಕಟಿಸಿದ ರಕ್ಷಣೆಯ ಅಂದಾಜು ಶೇ 25.2, ಅದರ ಅನಿಶ್ಚಿತತೆ ಸೊನ್ನೆಗಿಂತ ಕೆಳಕ್ಕೂ ಇಳಿಯುತ್ತದೆ. ‘ಸಿ’ಯ ಒಳಗೂ ವೈವಿಧ್ಯ ಕಡಿಮೆಯೇನಿಲ್ಲ, ಒಪ್ಪುತ್ತೇನೆ. ಆದರೆ ವೈವಿಧ್ಯ ಕಾಡುವುದು, ಕೆಲವು ತಳಿಗಳನ್ನಾದರೂ ತಡೆಯಬಲ್ಲ ಪ್ರತಿಕಾಯ ಇದ್ದಾಗ. ಸಾಮಾನ್ಯವಾಗಿ ಹರಡುವ ವೈರಸ್ಸನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯವನ್ನೇ ಈ ಲಸಿಕೆ ಹುಟ್ಟಿಸಲಿಲ್ಲ. ಭಾರತದಲ್ಲಿ ಇರುವುದೂ ಮುಖ್ಯವಾಗಿ ‘ಸಿ’. ಹಾಗಾಗಿ ಈ ತಪ್ಪು ಓದಿನಿಂದ ಹುಟ್ಟುವ ನಿರಾಶೆ ನಮ್ಮನ್ನೂ ತಟ್ಟುತ್ತದೆ.

ವೈವಿಧ್ಯದ ನಿಜವಾದ ಅಳತೆ ಸಿಕ್ಕಿದ್ದು ಬೇರೆ ಕಡೆ. ವಿಆರ್‌ಸಿ01 ಎಂಬ ಪ್ರತಿಕಾಯವನ್ನು ಎಂಟು ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಟ್ಟ ಎಎಂಪಿ ಪ್ರಯೋಗಗಳ ಫಲಿತಾಂಶ 2021ರಲ್ಲಿ ಬಂತು. ಒಟ್ಟಾರೆ ಸೋಂಕು ತಗ್ಗಲಿಲ್ಲ. ಆದರೆ ಆ ಪ್ರತಿಕಾಯಕ್ಕೆ ಸುಲಭವಾಗಿ ಬಗ್ಗುವ ತಳಿಗಳ ವಿರುದ್ಧ ರಕ್ಷಣೆ ಸುಮಾರು ಶೇ 75 ಇತ್ತು. ಪ್ರಯೋಗ ನಡೆದ ಕಡೆ ಹರಡಿದ್ದ ತಳಿಗಳಲ್ಲಿ ಹಾಗೆ ಬಗ್ಗುವಂಥವು ಶೇ 30 ಮಾತ್ರ. ತಡೆಯುವ ಶಕ್ತಿ ಎಷ್ಟು, ವೈವಿಧ್ಯ ಅದರಲ್ಲಿ ಕಸಿದುಕೊಂಡದ್ದೆಷ್ಟು ಎಂದು ಬೇರ್ಪಡಿಸಿ ತೋರಿಸಿದ ಇಂಥ ಅಧ್ಯಯನವನ್ನು ವಿಮರ್ಶಕರು ಸೋತ ಪ್ರಯೋಗಗಳ ಪಟ್ಟಿಗೆ ಸೇರಿಸಿ ಕೈತೊಳೆದುಕೊಂಡದ್ದು ನನಗೆ ಸಹಿಸಲಾಗದ ಅನ್ಯಾಯ.

ಅದೇ ಜಾತಿಯ ಪ್ರತಿಕಾಯಗಳನ್ನು ಲಸಿಕೆಯಿಂದಲೇ ಬೆಳೆಸುವ ಯತ್ನ ಈಗ ನಡೆದಿದೆ. ಐಎವಿಐ ಜಿ001 ಪ್ರಯೋಗದಲ್ಲಿ ಲಸಿಕೆ ಪಡೆದ 36 ಜನರಲ್ಲಿ 35 ಮಂದಿಯಲ್ಲಿ ಆ ಪ್ರತಿಕಾಯಗಳ ಪೂರ್ವಜ ಕೋಶಗಳು ಚಿಗುರಿದವು. ಅವು ಪಕ್ವಗೊಂಡು ಎಷ್ಟು ತಳಿಗಳನ್ನು ಹಿಡಿಯುತ್ತವೆ ಎಂದು ನೋಡುವಾಗ, ಒಂದೇ ವೈರಸ್ಸಿನ ಎದುರು ಪಡೆದ ಅಂಕಿಯನ್ನು ಮತ್ತೆ ಯಾರೂ ಮುಂದಿಡಬಾರದು.