ಹೊಸ ಮನುಷ್ಯನಾಗಬೇಕಾದವರು ಯಾರು? ಹಳಿಯಾಳ ಸೀಮೆಯ ಸಿದ್ದಿ ಕ್ರೈಸ್ತರ ನಡುವೆ ನಮ್ಮ ಪ್ರಬೋಧನೆಯ ವಿಮರ್ಶೆ

ಪಾಸ್ಖ ಕಾಲದಲ್ಲಿ ಯಾಜಕರಾದ ನಾವು ಅತಿಯಾಗಿ ಬಳಸುವ ಮಾತುಗಳಲ್ಲಿ ‘ಹೊಸ ಸೃಷ್ಟಿ’ ಎಂಬುದೂ ಒಂದು. ಸ್ನಾನದೀಕ್ಷೆಯ ವಾಗ್ದಾನಗಳನ್ನು ನವೀಕರಿಸುವ ಜಾಗರಣೆಯ ರಾತ್ರಿ, ತಪಸ್ಸುಕಾಲದ ಧ್ಯಾನಕೂಟ, ದೃಢೀಕರಣದ ಸಿದ್ಧತೆ, ಹೀಗೆ ಎಲ್ಲ ಸಂದರ್ಭಗಳಲ್ಲೂ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಐದನೆಯ ಅಧ್ಯಾಯದ 17ನೆಯ ವಚನ ನಮ್ಮ ಕೈಗೆ ಸುಲಭವಾಗಿ ಸಿಗುತ್ತದೆ. ಅದನ್ನು ಆಧರಿಸಿ ನಾವು ಹೇಳುವುದರ ತಾತ್ಪರ್ಯ ಬಹುಮಟ್ಟಿಗೆ ಒಂದೇ: ವಿಶ್ವಾಸಿಯೆಂದರೆ ತನ್ನ ಹಿಂದಿನದನ್ನು ಬಿಟ್ಟುಬಂದವನು, ಎಷ್ಟು ಬಿಟ್ಟನೋ ಅಷ್ಟು ಹೊಸಬನು. ಈ ಪ್ರಬೋಧನೆಯನ್ನು ವಿಮರ್ಶೆಗೆ ಒಳಪಡಿಸುವುದು ಈ ಲೇಖನದ ಉದ್ದೇಶ. ಹಲವು ವರ್ಷ ಅದನ್ನೇ ಬೋಧಿಸಿದವರಾದ ನಾವೂ ಈ ವಿಮರ್ಶೆಯಿಂದ ಹೊರಗಿಲ್ಲ.

ಪ್ರಸಂಗವನ್ನು ಹೇಳಿಬಿಡುವುದು ಒಳ್ಳೆಯದು. ಕೆಲವು ವರ್ಷಗಳ ಹಿಂದೆ ತಪಸ್ಸುಕಾಲದ ಧ್ಯಾನಕೂಟವೊಂದಕ್ಕಾಗಿ ದಾಂಡೇಲಿಯ ಬಂಗೂರನಗರದ ಕಡೆಗೆ ಹೋಗಿದ್ದೆವು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯ ಜೊತೆಗೆ ಕಾಳಿ ನದಿಯ ಪಕ್ಕದಲ್ಲಿ ಬೆಳೆದ ವಸತಿ ಅದು. ಅಲ್ಲಿಗೆ ಬಂದು ನೆಲೆಸಿದವರು ನಾನಾ ಕಡೆಯವರು, ನಾನಾ ಭಾಷೆಯವರು. ಊರು ಬಿಟ್ಟು ಬಂದು ಕ್ವಾರ್ಟರ್ಸಿನ ಸಂಖ್ಯೆಯಲ್ಲಿ ಹೊಸ ವಿಳಾಸ ಪಡೆದವರು. ಇಂಥವರ ಮುಂದೆ ‘ಹಳೆಯದು ಕಳೆದುಹೋಯಿತು’ ಎಂಬ ಅರ್ಥದ ಪ್ರಬೋಧನೆ ತಡೆಯಿಲ್ಲದೆ ಸಾಗುತ್ತದೆ. ಅವರ ಬದುಕೇ ಅದಕ್ಕೆ ಉದಾಹರಣೆಯಂತೆ ತೋರುತ್ತದೆ. ಆ ದಿನ ಹಳಿಯಾಳದ ಕಾಡಂಚಿನ ಹಳ್ಳಿಗಳಿಂದ ಕೆಲವು ಸಿದ್ದಿ ಕುಟುಂಬಗಳೂ ಬಂದಿದ್ದವು. ಕೂಟ ಮುಗಿದ ಮೇಲೆ ವಯಸ್ಸಾದ ಒಬ್ಬ ತಾಯಿ ನಮ್ಮ ಬಳಿಗೆ ಬಂದು ಕೇಳಿದರು: “ಹಳೇದೆಲ್ಲಾ ಹೋತು ಅಂದ್ರಿ, ಫಾದರ್. ನಮ್ಮ ಹಿರಿಯರೂ ಅದರಾಗ ಹೋದ್ರೇನು?”

ನಾವು ಸಕಲ ಮೃತರ ದಿನದ ಬಗ್ಗೆ, ಸಂತರ ಅನ್ಯೋನ್ಯತೆಯ ಬಗ್ಗೆ ಏನೋ ಹೇಳಿದೆವು. ಅವರು ಮರ್ಯಾದೆಯಿಂದ ತಲೆಯಾಡಿಸಿ ಹೋದರು. ಹೇಳಿದ್ದು ತಪ್ಪಾಗಿರಲಿಲ್ಲ, ಆದರೆ ಅದು ಅವರು ಕೇಳಿದ ಪ್ರಶ್ನೆಗೆ ಉತ್ತರವೂ ಆಗಿರಲಿಲ್ಲ.

ಸಿದ್ದಿಗಳು ಆಫ್ರಿಕಾ ಮೂಲದವರೆಂಬುದು, ಅವರಲ್ಲಿ ಅನೇಕರ ಪೂರ್ವಜರನ್ನು ಪೋರ್ಚುಗೀಸರು ಮೊಜಾಂಬಿಕ್ ಮುಂತಾದ ಕಡೆಗಳಿಂದ ಗುಲಾಮರನ್ನಾಗಿ ಗೋವಾಕ್ಕೆ ತಂದರೆಂಬುದು, ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರೆಂಬುದು ನಮ್ಮ ಓದುಗರಿಗೆ ಗೊತ್ತಿರುವ ಸಂಗತಿ. ಇಂದು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ ಭಾಗಗಳಲ್ಲಿ ಅವರಿದ್ದಾರೆ. ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಉಂಟು. ಟಿ.ಸಿ. ಪಾಲಾಕ್ಷಪ್ಪನವರು 1976ರಷ್ಟು ಹಿಂದೆಯೇ ಉತ್ತರ ಕನ್ನಡದ ಸಿದ್ದಿಗಳ ಬಗ್ಗೆ ಗ್ರಂಥ ಪ್ರಕಟಿಸಿದ್ದರು. ಪಾಷಿಂಗ್ಟನ್ ಒಬೆಂಗ್ ಅವರ ಅಧ್ಯಯನ 2007ರಲ್ಲಿ ಬಂತು. ಮತ ಮೂರಾದರೂ ಬಳಗ ಒಂದೆಂಬ ಅರಿವು, ಡಮಾಮಿಯ ಕುಣಿತ, ಹಿರಿಯರ ಸ್ಮರಣೆ ಈ ಸಮುದಾಯವನ್ನು ಒಟ್ಟಿಗೆ ಹಿಡಿದಿವೆ. ಸಮಾಜಶಾಸ್ತ್ರಜ್ಞರು ಇದನ್ನು ಬದುಕುಳಿಯುವ ಜಾಣ್ಮೆಯೆಂದು ಓದಬಹುದು, ಓದಲಿ. ದೈವಶಾಸ್ತ್ರದ ಪ್ರಶ್ನೆ ಅಷ್ಟಕ್ಕೆ ಮುಗಿಯುವುದಿಲ್ಲ. ಕ್ರಿಸ್ತರಲ್ಲಿ ಹೊಸ ಗುರುತು ಪಡೆದವರಿಗೆ ಈ ಬಳಗ ‘ಹಳೆಯದು’ ಹೌದೋ ಅಲ್ಲವೋ ಎಂಬುದು ನಮ್ಮ ಪ್ರಶ್ನೆ.

ಹಾಗೆ ಕೇಳಿಕೊಂಡೊಡನೆ ಇನ್ನೊಂದು ಮುಜುಗರದ ಸತ್ಯ ಎದುರಾಗುತ್ತದೆ. ಗುಲಾಮರಿಗೆ ಸ್ನಾನದೀಕ್ಷೆ ಕೊಡಿಸುವುದು ಪೋರ್ಚುಗೀಸ್ ಆಳ್ವಿಕೆಯ ರೂಢಿಯಾಗಿತ್ತು. ಹೊಸ ಹೆಸರು ದೊರೆಯುತ್ತಿದ್ದುದು ಅಲ್ಲಿಯೇ. ಅಡ್ಡಹೆಸರು ಎಷ್ಟೋ ವೇಳೆ ಯಜಮಾನನದು. ಜುಜೆ, ಬಸ್ತ್ಯಾಂವ್ ಎಂಬ ಹೆಸರುಗಳನ್ನು ಇಂದು ಪ್ರೀತಿಯಿಂದ ಇಟ್ಟುಕೊಂಡಿರುವ ಮನೆಗಳಲ್ಲಿ ಆ ಹೆಸರು ಹಿಂದೊಮ್ಮೆ ಬಿಡುಗಡೆಯ ಗುರುತಾಗಿ ಬಂದದ್ದಲ್ಲ. ದೇವರ ಮಕ್ಕಳ ಸ್ವಾತಂತ್ರ್ಯಕ್ಕೆ ಒಳಸೇರಿಸುವ ಸಂಸ್ಕಾರವನ್ನು ಒಡೆತನದ ಮುದ್ರೆಯೊಂದಿಗೆ ಬೆರೆಸಿ ಕೊಡಲಾಗಿತ್ತು. ಸಂಸ್ಕಾರದ ಸಿಂಧುತ್ವವನ್ನು ನಾವು ಪ್ರಶ್ನಿಸುತ್ತಿಲ್ಲ. ಅದನ್ನು ಕೊಡುವವನ ಅಯೋಗ್ಯತೆ ಕೃಪೆಯನ್ನು ಕೆಡಿಸಲಾರದೆಂದು ಡೊನಾಟಿಸ್ಟರ ಕಾಲದಿಂದ ಕಲಿತಿದ್ದೇವೆ. ಆದರೆ ಇಂಥ ಚರಿತ್ರೆಯುಳ್ಳ ಜನರ ಮುಂದೆ ನಿಂತು ‘ಹಳೆಯ ಹೆಸರು ಹೋಯಿತು, ಹೊಸ ಹೆಸರು ಬಂತು’ ಎಂದು ಹಿಗ್ಗಿ ಹೇಳುವ ಮೊದಲು, ಹೋದದ್ದು ಯಾರ ಕೈಯಿಂದ, ಬಂದದ್ದು ಯಾರಿಂದ ಎಂದು ಯೋಚಿಸಬೇಕಿತ್ತು. ನಾವು ಯೋಚಿಸಿರಲಿಲ್ಲ.

ಈಗ ವಚನಕ್ಕೆ ಬರೋಣ. ಕೊರಿಂಥದವರಿಗೆ ಬರೆದ ಪತ್ರದ ಮೂಲ ಗ್ರೀಕಿನಲ್ಲಿ ಆ ವಾಕ್ಯ ಬಹಳ ಸಂಕ್ಷಿಪ್ತ. ಯಾರಾದರೂ ಕ್ರಿಸ್ತರಲ್ಲಿದ್ದರೆ, ಹೊಸ ಸೃಷ್ಟಿ, ಅಷ್ಟೇ. ‘ಅವನು’ ಎಂಬ ಕರ್ತೃವೂ ‘ಆಗಿದ್ದಾನೆ’ ಎಂಬ ಕ್ರಿಯೆಯೂ ಭಾಷಾಂತರಕಾರರು ತುಂಬಿಕೊಟ್ಟವು. ಅದಕ್ಕಿಂತ ಮುಖ್ಯವಾದದ್ದು ಹಿಂದಿನ ವಚನ, ಅಂದರೆ 16ನೆಯದು. ಪ್ರಬೋಧನೆಗಳಲ್ಲಿ ನಾವು ಅದನ್ನು ದಾಟಿ ಹೋಗುತ್ತೇವೆ. ಇನ್ನು ಮುಂದೆ ಯಾರನ್ನೂ ಲೌಕಿಕ ದೃಷ್ಟಿಯಿಂದ ಅಳೆಯುವುದಿಲ್ಲ ಎಂದು ಪೌಲರು ಅಲ್ಲಿ ತಮ್ಮ ಬಗ್ಗೆಯೇ ಹೇಳಿಕೊಳ್ಳುತ್ತಾರೆ. 17ನೆಯ ವಚನ ಅದರ ಫಲಿತಾಂಶವಾಗಿ ಬರುತ್ತದೆ. ಹೀಗೆ ಓದಿದರೆ ಹೊಸತನ ಮೊದಲು ಕಾಣಿಸಿಕೊಳ್ಳಬೇಕಾದದ್ದು ನೋಡುವವನ ಕಣ್ಣಿನಲ್ಲಿ. ಮತ್ತೊಬ್ಬನನ್ನು ಬಣ್ಣದಿಂದ, ಕುಲದಿಂದ, ಕೂದಲಿನಿಂದ ತೂಗುವ ದೃಷ್ಟಿ ಉಳಿದಿರುವಲ್ಲಿ, ನೋಡಿಸಿಕೊಂಡವನು ಎಷ್ಟು ಬಿಟ್ಟರೇನು?

ಎಫೆಸದವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಭಾಷಾಂತರವೇ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸಿದೆ. ಗ್ರೀಕಿನ ‘ಪಲಯೋಸ್ ಆಂಥ್ರೋಪೊಸ್’ ಎಂದರೆ ಹಳೆಯ ಮನುಷ್ಯ. ಕನ್ನಡ ಸತ್ಯವೇದದ ಬಹುಬಳಕೆಯ ಭಾಷಾಂತರ ಅದನ್ನು ‘ಪೂರ್ವಸ್ವಭಾವ’ ಎಂದೂ ಅದಕ್ಕೆ ಪ್ರತಿಯಾದದ್ದನ್ನು ‘ನೂತನಸ್ವಭಾವ’ ಎಂದೂ ಮಾಡಿತು. ಅದು ಸುಂದರವಾದ ಕನ್ನಡ. ಓದುಗನಿಗೆ ಒಡನೆ ತಿಳಿಯುತ್ತದೆ. ಆದರೆ ‘ಸ್ವಭಾವ’ ಎಂದ ಮೇಲೆ ಅದು ಒಬ್ಬೊಬ್ಬನ ಮನಸ್ಸಿನ ವಿಷಯವಾಗಿ ಕುಗ್ಗುತ್ತದೆ: ಸಿಟ್ಟು, ಕುಡಿತ, ಸುಳ್ಳು. ಇವು ಬೇಡವೆಂದಲ್ಲ, ಅದೇ ಅಧ್ಯಾಯದ ಮುಂದಿನ ವಚನಗಳಲ್ಲಿ ಸಿಟ್ಟೂ ಇದೆ, ಸುಳ್ಳೂ ಇದೆ. ಆದರೆ ಅದೇ ಪತ್ರದ ಎರಡನೆಯ ಅಧ್ಯಾಯದಲ್ಲಿ ‘ಹೊಸ ಮನುಷ್ಯ’ ಎಂದರೆ ಯೆಹೂದ್ಯರೂ ಅನ್ಯರೂ ಸೇರಿ ಆದ ಒಬ್ಬ ಮನುಷ್ಯ, ನಡುವಿನ ಗೋಡೆ ಬಿದ್ದ ಮೇಲೆ ಎದ್ದು ನಿಂತವನು. ಅವನನ್ನು ಒಬ್ಬನೇ ತನ್ನೊಳಗೆ ಸಾಧಿಸಿಕೊಳ್ಳಲಾಗದು. ಪಂಕ್ತಿಯಲ್ಲಿ ಪಕ್ಕದವನು ಸರಿದು ಜಾಗ ಕೊಡದೆ ಅವನು ಹುಟ್ಟುವುದಿಲ್ಲ.

ಇದಕ್ಕೆ ಹೊಸ ಒಡಂಬಡಿಕೆಯಲ್ಲಿಯೇ ಒಂದು ಪ್ರಕರಣವಿದೆ, ಅದೂ ಗುಲಾಮನದೇ. ಫಿಲೆಮೋನನಿಗೆ ಬರೆದ ಪತ್ರದ ಒನೇಸಿಮ ಸೆರೆಯಲ್ಲಿದ್ದ ಪೌಲರಿಂದ ವಿಶ್ವಾಸಕ್ಕೆ ಹುಟ್ಟಿದವನು. ‘ಒನೇಸಿಮ’ ಎಂದರೆ ಉಪಯೋಗಕ್ಕೆ ಬರುವವನು. ಸಾಮಾನುಗಳಿಗೆ ಇಡುವಂಥ ಹೆಸರು, ಆ ಕಾಲದ ಗುಲಾಮರಲ್ಲಿ ಸಾಮಾನ್ಯವಾಗಿದ್ದದ್ದು. ಪೌಲರು ಅದನ್ನು ಬದಲಿಸಲಿಲ್ಲ. 11ನೆಯ ವಚನದಲ್ಲಿ ಆ ಹೆಸರಿನ ಅರ್ಥದೊಂದಿಗೇ ಆಟವಾಡಿ, ಹಿಂದೆ ನಿನಗೆ ‘ಅಕ್ರೇಸ್ಟೊಸ್’ ಆಗಿದ್ದವನು ಈಗ ‘ಯೂಕ್ರೇಸ್ಟೊಸ್’ ಎನ್ನುತ್ತಾರೆ. ಎರಡೂ ಪದಗಳಲ್ಲಿ ಕ್ರಿಸ್ತನಾಮದ ಸದ್ದು ಕೇಳುತ್ತದೆ. ಮುಂದೆ, 16ನೆಯ ವಚನದಲ್ಲಿ, ಅವನನ್ನು ಗುಲಾಮನಿಗಿಂತ ಮೇಲಾದ ಪ್ರಿಯ ಸಹೋದರನೆಂದು ಸ್ವೀಕರಿಸಬೇಕೆಂದು ಬೇಡುತ್ತಾರೆ. ಪ್ರಭುವಿನಲ್ಲಿ ಮಾತ್ರವಲ್ಲ, ಶರೀರದ ನೆಲೆಯಲ್ಲಿಯೂ.

ಆ ‘ಶರೀರದ ನೆಲೆಯಲ್ಲಿಯೂ’ ಎಂಬುದನ್ನು ನಮ್ಮ ಗುರುವಿದ್ಯಾರ್ಥಿಗಳು ಅಡಿಗೆರೆ ಎಳೆದು ಓದಬೇಕು. ಪ್ರಭುವಿನಲ್ಲಿ ಸಹೋದರನಾಗಿರುವುದು ಅಗ್ಗ. ಭಾನುವಾರ ಒಂದು ಗಂಟೆ ಸಾಕು. ಶರೀರದಲ್ಲಿ ಸಹೋದರನಾಗುವುದೆಂದರೆ ಮನೆ, ಊಟ, ಮದುವೆ, ಮಣ್ಣು. ಗಮನಿಸಬೇಕಾದದ್ದು ಇಷ್ಟು: ಇಡೀ ಪತ್ರದಲ್ಲಿ ಒನೇಸಿಮನಿಗೆ ಒಂದು ಆಜ್ಞೆಯೂ ಇಲ್ಲ. ಬದಲಾಗಬೇಕೆಂಬ ಒತ್ತಾಯವೆಲ್ಲ ಫಿಲೆಮೋನನ ಮೇಲೆ. ಅವನು ಆಗಲೇ ಕ್ರೈಸ್ತ, ತನ್ನ ಮನೆಯಲ್ಲಿ ಸಭೆ ಸೇರಿಸುವವನು, ಪ್ರೀತಿಗೆ ಹೆಸರಾದವನು. ಹೊಸ ಗುರುತನ್ನು ಬಾಳಿ ತೋರಿಸಬೇಕಾದ ಹೊಣೆ ಹಳೆಯ ಕ್ರೈಸ್ತನ ಹೆಗಲಿಗೆ ಬಿತ್ತು. ನಾವು ಅದನ್ನು ತಿರುಗಿಸಿ ಸಿದ್ದಿ ತಾಯಿಯ ಹೆಗಲಿಗೆ ಹೊರಿಸಿದ್ದೇವೆ.

ಹೊರಿಸಿದ್ದೇವೆಂಬುದು ಅತಿಶಯೋಕ್ತಿಯಲ್ಲ. ಒಂದು ಧರ್ಮಕೇಂದ್ರದಲ್ಲಿ, ಹೆಸರು ಬೇಡ, ಹಬ್ಬದ ಬಲಿಪೂಜೆಗೆ ಸಿದ್ದಿ ಯುವಕರನ್ನು ಡಮಾಮಿಯೊಂದಿಗೆ ಕರೆಸಿ ಕಾಣಿಕೆಯ ಮೆರವಣಿಗೆ ಮಾಡಿಸಿದರು. ಫೋಟೋಗಳು ಚೆನ್ನಾಗಿ ಬಂದವು. ಪೂಜೆಯ ಬಳಿಕ ಊಟಕ್ಕೆ ಅವರು ಎಲೆ ಹಾಕಿ ಕುಳಿತದ್ದು ಕೊನೆಯ ಪಂಕ್ತಿಯಲ್ಲಿ. ಯಾರೂ ಕಳುಹಿಸಿದ್ದಲ್ಲ, ಅವರೇ ಹೋಗಿ ಕುಳಿತರು ಎಂದು ನಮಗೆ ಹೇಳಿದರು. ಇದು ನಿಜವೇ ಇರಬಹುದು. ನಿಜವಾದರೆ ಇನ್ನೂ ಕೆಟ್ಟದ್ದು. ಸಂಸ್ಕೃತಿಯನ್ನು ಆರಾಧನೆಗೆ ತಂದೆವೆಂಬ ನಮ್ಮ ತೃಪ್ತಿ ಇಲ್ಲಿ ಪೊಳ್ಳು. 1964ರ ‘ಲೂಮೆನ್ ಜೆನ್ಸಿಯುಮ್’ನ 13ನೆಯ ಪರಿಚ್ಛೇದ, ಜನಾಂಗಗಳ ಒಳ್ಳೆಯ ಆಚಾರ, ಸಂಪತ್ತು, ಸಾಮರ್ಥ್ಯಗಳನ್ನು ಧರ್ಮಸಭೆ ಕಿತ್ತುಕೊಳ್ಳದೆ ತನ್ನದಾಗಿಸಿಕೊಳ್ಳುತ್ತದೆ, ಶುದ್ಧಗೊಳಿಸಿ ಬಲಪಡಿಸುತ್ತದೆ ಎನ್ನುತ್ತದೆ. ತನ್ನದಾಗಿಸಿಕೊಳ್ಳುವುದೆಂದರೆ ವಾದ್ಯವನ್ನು ಮಾತ್ರವೆ, ಬಾರಿಸುವವನನ್ನೂ ಸೇರಿಸಿಯೆ?

ಈ ಪ್ರಬೋಧನೆಯ ಒಳವಿರೋಧ ಚರ್ಚಿನ ಹೊರಗೆ, ಕಾನೂನಿನ ಮುಂದೆ ಬಯಲಾಗುತ್ತದೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂಗಳಲ್ಲದವರನ್ನು ಹೊರಗಿಟ್ಟಿತು. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿತು. ದಲಿತ ಕ್ರೈಸ್ತರು ಇಂದಿಗೂ ಹೊರಗೆ. ಆ ಆದೇಶದ ಹಿಂದಿರುವ ತರ್ಕವೇನು? ಸ್ನಾನದೀಕ್ಷೆಯಾದೊಡನೆ ಜಾತಿಯ ಗಾಯ ಅಳಿಸಿಹೋಯಿತು ಎಂಬುದೇ ಅಲ್ಲವೆ? ಬೇಸರದ ಮಾತಾದರೂ ಹೇಳಲೇಬೇಕು: ಇದು ನಮ್ಮದೇ ಪೀಠದ ಪ್ರಬೋಧನೆ, ಸರ್ಕಾರದ ಭಾಷೆಯಲ್ಲಿ. ಭಾನುವಾರ ಹಳೆಯದೆಲ್ಲ ಹೋಯಿತೆಂದು ಬೋಧಿಸಿ, ಸೋಮವಾರ ಹೋಗಿಲ್ಲವೆಂದು ಮನವಿಪತ್ರ ಕೊಡುವವರು ನಾವು. ಮನವಿ ನ್ಯಾಯವಾದದ್ದು, ತಿದ್ದಬೇಕಾದದ್ದು ಪ್ರಬೋಧನೆಯನ್ನು. ಇದಕ್ಕೆ ಪ್ರತಿಯಾಗಿ, 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದಾಗ ಕ್ರೈಸ್ತ ಸಿದ್ದಿಗಳೂ ಸೇರಿದರು, ಏಕೆಂದರೆ ಪಂಗಡದ ಪಟ್ಟಿಗೆ ಮತದ ನಿರ್ಬಂಧವಿಲ್ಲ. ವಿಶ್ವಾಸ ಬೇರೆ, ಬಳಗ ಬೇರೆ, ಒಂದು ಇನ್ನೊಂದನ್ನು ಕೊಲ್ಲಬೇಕಿಲ್ಲ ಎಂಬ ವಿವೇಕ ಪಟ್ಟಿ ಬರೆದ ಗುಮಾಸ್ತನಿಗೆ ಇತ್ತು.

ಇಷ್ಟಕ್ಕೆ ಆಕ್ಷೇಪವುಂಟು, ಅದು ಹಗುರವಾದದ್ದೂ ಅಲ್ಲ. ಹಾಗಾದರೆ ಪರಿವರ್ತನೆಯೆಂಬುದು ಏನೂ ಅಲ್ಲವೆ? ಹಿರಿಯರಿಗೆ ಎಡೆಯಿಡುವುದನ್ನೂ ಒಪ್ಪಬೇಕೆ? ಹಳೆಯ ಬಟ್ಟೆಗೆ ಹೊಸ ತೇಪೆ ಹಾಕಬಾರದೆಂದು ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯೇ ಹೇಳಿಲ್ಲವೆ? ಹೇಳಿದ್ದಾರೆ, ಮತ್ತು ಹಿರಿಯರನ್ನು ಭಯದಿಂದ ಓಲೈಸುವುದಕ್ಕೂ ಕೃತಜ್ಞತೆಯಿಂದ ನೆನೆಯುವುದಕ್ಕೂ ಇರುವ ವ್ಯತ್ಯಾಸವನ್ನು ಪಾಲಕನು ವಿವೇಚಿಸಲೇಬೇಕು. ಪ್ರತಿ ಮನೆಯಲ್ಲಿ ಕುಳಿತು, ನಿಧಾನವಾಗಿ ಮಾಡಬೇಕಾದ ಕೆಲಸವದು. ಸಾಮಾನ್ಯ ಸೂತ್ರವೊಂದನ್ನು ಕೊಡುವ ಧೈರ್ಯ ನಮಗಿಲ್ಲ. ಆದರೆ ತೇಪೆಯ ಸಾಮತಿ ಉಪವಾಸದ ಚರ್ಚೆಯಲ್ಲಿ ಬಂದದ್ದು, ಮದುಮಗನು ಜೊತೆಗಿರುವ ಸಂತೋಷವನ್ನು ಹಳೆಯ ಶಿಸ್ತಿನೊಳಗೆ ತುರುಕಬಾರದೆಂದು ಹೇಳಿದ್ದು. ಯಾರ ಅಜ್ಜಅಜ್ಜಿಯರ ಬಗ್ಗೆಯೂ ಅಲ್ಲ. ಬಟ್ಟೆಯ ಮಾತು ಬಂದದ್ದರಿಂದ ಒಂದು ಅಡ್ಡಮಾತು: ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳು ಈಗ ದೂರದ ದೇಶಗಳ ಪ್ರದರ್ಶನಗಳಿಗೂ ಹೋಗಿವೆ. ಹರಿದ ಸೀರೆ, ಅಂಗಿ, ಮಕ್ಕಳ ಲಂಗಗಳ ತುಂಡುಗಳನ್ನು ಪದರ ಪದರವಾಗಿ ಕೂಡಿಸಿ, ಕ್ರೈಸ್ತ ಮನೆಗಳಲ್ಲಿ ಕೆಲವೊಮ್ಮೆ ನಡುವೆ ಶಿಲುಬೆಯ ಆಕಾರ ಕೂರಿಸಿ ಹೊಲಿಯುತ್ತಾರೆ. ಉಪಮೆಯಿಂದ ಸಿದ್ಧಾಂತ ಕಟ್ಟಲಾಗದು, ನಾವೂ ಕಟ್ಟುತ್ತಿಲ್ಲ. ಕ್ರಿಸ್ತರನ್ನು ಧರಿಸಿಕೊಳ್ಳುವುದೆಂದಾಗ ಅಂಗಡಿಯ ಹೊಸ ಅಂಗಿಯೊಂದೇ ಕಣ್ಣ ಮುಂದೆ ಬರಬೇಕಿಲ್ಲ ಎಂದಷ್ಟೇ ಹೇಳುತ್ತೇವೆ.

ಹೆಸರಿನ ವಿಷಯದಲ್ಲಿ ಧರ್ಮಸಭೆಯ ಕಾನೂನು ನಮ್ಮ ರೂಢಿಗಿಂತ ಮುಂದಿದೆ. 1917ರ ಸಂಹಿತೆಯ 761ನೆಯ ವಿಧಿ, ಕ್ರೈಸ್ತ ಹೆಸರನ್ನೇ ಇಡುವಂತೆ ಪಾಲಕರು ನೋಡಿಕೊಳ್ಳಬೇಕು, ಆಗದಿದ್ದರೆ ಸಂತರೊಬ್ಬರ ಹೆಸರನ್ನು ಸೇರಿಸಬೇಕು ಎಂದಿತ್ತು. 1983ರ ಸಂಹಿತೆಯ 855ನೆಯ ವಿಧಿ ಕೇಳುವುದು ಇಷ್ಟೇ: ಹೆಸರು ಕ್ರೈಸ್ತ ಭಾವನೆಗೆ ಪರಕೀಯವಾಗಿರಬಾರದು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡಬಯಸುವ ಸಿದ್ದಿ ತಂದೆಗೆ ಈ ಅವಕಾಶವಿದೆಯೆಂದು ನಮ್ಮಲ್ಲಿ ಎಷ್ಟು ಮಂದಿ ತಿಳಿಸಿದ್ದೇವೆ?

ಕೊನೆಗೆ ವಾಚನಗ್ರಂಥದ ಬಗ್ಗೆ ಒಂದು ಮಾತು. ಫಿಲೆಮೋನನಿಗೆ ಬರೆದ ಪತ್ರ ಭಾನುವಾರದ ವಾಚನವಾಗಿ ಬರುವುದು ಮೂರು ವರ್ಷಕ್ಕೊಮ್ಮೆ, ‘ಸಿ’ ವರ್ಷದ ಸಾಧಾರಣ ಕಾಲದ 23ನೆಯ ಭಾನುವಾರ. ಅದೂ ಸೆಪ್ಟೆಂಬರ್ 8ರ ಆಸುಪಾಸಿನಲ್ಲಿ; ನಮ್ಮ ಕರಾವಳಿ ಮತ್ತು ಘಟ್ಟದ ಧರ್ಮಕೇಂದ್ರಗಳಲ್ಲಿ ಮೊಂತಿ ಹಬ್ಬದ ಸಡಗರದ ನಡುವೆ ಎರಡನೆಯ ವಾಚನವನ್ನು ಕೇಳುವವರೇ ಕಡಿಮೆ. ಗೊತ್ತುಪಡಿಸಿದ ಭಾಗ 9, 10 ಮತ್ತು 12ರಿಂದ 17. ನಡುವೆ ಬಿಟ್ಟಿರುವ ಒಂದೇ ವಚನ 11ನೆಯದು: ಗುಲಾಮನ ಹೆಸರನ್ನು ಪೌಲರು ಎತ್ತಿ ಹಿಡಿದ ವಚನ. 2025ರಲ್ಲಿ ಅದು ಹಾಗೆಯೇ ಕಳೆಯಿತು. ಮುಂದೆ ಬರುವುದು 2028ರ ಸೆಪ್ಟೆಂಬರಿನಲ್ಲಿ. ಆ ಭಾನುವಾರ ಬಂಗೂರನಗರದ ಕಡೆಗೆ ಕರೆ ಬಂದರೆ, ಬಿಟ್ಟ ವಚನವನ್ನು ಪ್ರಬೋಧನೆಯಲ್ಲಿ ಸೇರಿಸಿ, ಆ ತಾಯಿ ಕೇಳಿದ ಪ್ರಶ್ನೆಯನ್ನು ಮುಂದಿನ ಸಾಲಿನಲ್ಲಿ ಕುಳಿತವರ ಎದುರಿಗೆ ಇಡಬೇಕೆಂದಿದ್ದೇವೆ.