ಗ್ರಂಥಾಲಯದ ವರ್ಷ, ಊರಿನ ವರ್ಷ

ಸಾರ್ವಜನಿಕ ಗ್ರಂಥಾಲಯದ ಕೆಲಸವನ್ನು ಪುಸ್ತಕಗಳ ಸಂಖ್ಯೆಯಿಂದ, ಕಟ್ಟಡದ ಅಂದದಿಂದ ಅಥವಾ ಸದಸ್ಯತ್ವದ ಲೆಕ್ಕದಿಂದ ಅಳೆಯುವುದೇ ರೂಢಿಯಾಗಿರುವುದರಿಂದ, ಅದು ವರ್ಷದುದ್ದಕ್ಕೂ ನಡೆಸುವ ಕಾರ್ಯಕ್ರಮಗಳಾಗಲಿ ಊರಿನ ಸುದ್ದಿಯನ್ನು ಜನರಿಗೆ ಮುಟ್ಟಿಸುವ ಬಗೆಯಾಗಲಿ ವಿಮರ್ಶೆಗೆ ಒಳಗಾಗುವುದು ಅಪರೂಪ. ಗ್ರಂಥಾಲಯ ವಿಜ್ಞಾನದಲ್ಲಿ ಇಂಥ ಕೆಲಸಗಳಿಗೆ ವಿಸ್ತರಣಾ ಸೇವೆ ಎಂಬ ಹೆಸರಿದೆ. ಗ್ರಂಥಾಲಯಕ್ಕೆ ಬಾರದವರನ್ನು ಬರಮಾಡಿಕೊಳ್ಳುವುದು, ಬಂದವರನ್ನು ಅವರು ಕಾಣದ ಪುಸ್ತಕದತ್ತ ಕರೆದೊಯ್ಯುವುದು, ಇವೆರಡೂ ಆ ಹೆಸರಿನಲ್ಲಿ ಅಡಕವಾಗಿವೆ. ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೂರನೆಯದು ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಸಿಗಬೇಕೆಂದು ಬಯಸುತ್ತದೆ, ಮತ್ತು ಪುಸ್ತಕಕ್ಕೆ ತಾನಾಗಿ ನಡೆದುಹೋಗಿ ಓದುಗನನ್ನು ಹುಡುಕುವ ಶಕ್ತಿ ಇಲ್ಲವಾದ್ದರಿಂದ ಆ ಹೊಣೆ ಗ್ರಂಥಾಲಯದ ಮೇಲೆಯೇ ಬೀಳುತ್ತದೆ. ಹೀಗಾಗಿ ಗ್ರಂಥಾಲಯದ ಯಾವುದೇ ಕಾರ್ಯಕ್ರಮವನ್ನು ಬೆಲೆಗಟ್ಟುವಾಗ ಕೇಳಬೇಕಾದ ಪ್ರಶ್ನೆಗಳು ಎರಡು: ಅದು ಊರಿನ ಜನ ಬದುಕುವ ವರ್ಷಕ್ಕೆ ಹೊಂದಿಕೊಂಡಿದೆಯೇ, ಮತ್ತು ಅದು ಮುಗಿದ ಮೇಲೆ ಬಂದವರು ಕಪಾಟಿನ ಬಳಿಗೆ ಹೋಗುತ್ತಾರೆಯೇ.

ಹುಬ್ಬಳ್ಳಿ-ಧಾರವಾಡದ ಮಟ್ಟಿಗೆ ಈ ಪ್ರಶ್ನೆಗಳಿಗೆ ವಿಶೇಷ ತೂಕವಿದೆ, ಏಕೆಂದರೆ ಋತುಮಾನಕ್ಕೆ ತಕ್ಕಂತೆ ಜನರನ್ನು ಕೂಡಿಸಿ ಓದಿಸುವ, ಕೇಳಿಸುವ ಪದ್ಧತಿ ಇಲ್ಲಿ ಸಾರ್ವಜನಿಕ ಗ್ರಂಥಾಲಯಗಳಿಗಿಂತ ಹಳೆಯದು. ಶ್ರಾವಣ ಬಂತೆಂದರೆ ಮಠಗಳಲ್ಲಿ ಸಂಜೆಯ ಹೊತ್ತು ಪುರಾಣ ಹಚ್ಚುವ ವಾಡಿಕೆ ಇಂದಿಗೂ ಉಳಿದಿದ್ದು, ಒಬ್ಬರು ಓದಿ ಇನ್ನೊಬ್ಬರು ಅರ್ಥ ಬಿಡಿಸುವ ಆ ಸಭೆಗೆ ಅಕ್ಷರ ಬಾರದವರೂ ತಿಂಗಳಿಡೀ ತಪ್ಪದೆ ಬರುತ್ತಾರೆ. 1890ರಲ್ಲಿ ರಾ.ಹ. ದೇಶಪಾಂಡೆಯವರ ಮುಂದಾಳತ್ವದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವು ಪುಸ್ತಕ ಪ್ರಕಟಣೆಯ ಜೊತೆಗೆ ಉಪನ್ಯಾಸಗಳ ಪರಂಪರೆಯನ್ನೂ ಬೆಳೆಸಿತು. ಅಲ್ಲಿನ ದತ್ತಿ ಉಪನ್ಯಾಸಗಳು, ಅಂದರೆ ದಾನಿಯೊಬ್ಬರು ಇಟ್ಟ ಠೇವಣಿಯ ಬಡ್ಡಿಯಿಂದ ವರ್ಷಕ್ಕೊಮ್ಮೆ ನಡೆಯುವ ಉಪನ್ಯಾಸಗಳು, ಧಾರವಾಡದ ಸಂಜೆಗಳ ಒಂದು ಭಾಗವೇ ಆಗಿವೆ. ಕವಿ ದ.ರಾ. ಬೇಂದ್ರೆ ಮತ್ತು ಅವರ ಸಾಹಿತ್ಯ ಬಳಗವಾದ ಗೆಳೆಯರ ಗುಂಪಿನವರು 1926ರಲ್ಲಿ ಆರಂಭಿಸಿದ ನಾಡಹಬ್ಬವು ನವರಾತ್ರಿಯ ದಿನಗಳನ್ನೇ ಆಯ್ದುಕೊಂಡಿತು. ಹೊಸದೊಂದು ತಿಥಿಯನ್ನು ಹುಟ್ಟುಹಾಕದೆ, ಜನ ಆಗಲೇ ಮನೆಯಿಂದ ಹೊರಬೀಳುತ್ತಿದ್ದ ಹೊತ್ತಿನಲ್ಲಿ ನಾಡು-ನುಡಿಯ ವಿಚಾರವನ್ನು ಅವರ ಮುಂದಿಟ್ಟದ್ದರಲ್ಲಿಯೇ ಆ ಯೋಜನೆಯ ಜಾಣ್ಮೆ ಇತ್ತು. ಮುಂಬಯಿ ಸರ್ಕಾರ 1939ರಲ್ಲಿ ಎ.ಎ.ಎ. ಫೈಜಿ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಗ್ರಂಥಾಲಯ ಸಮಿತಿಯು ಪ್ರಾದೇಶಿಕ ಗ್ರಂಥಾಲಯಗಳಿಗೆ ಪುಣೆ, ಅಹಮದಾಬಾದುಗಳ ಜೊತೆಗೆ ಧಾರವಾಡವನ್ನು ಸೂಚಿಸಿದ್ದರ ಹಿಂದೆ ಈ ನೆಲದ ಓದಿನ ಹಸಿವಿನ ಅರಿವೂ ಇದ್ದಿರಬೇಕು.

ಅಂಥ ನೆಲದಲ್ಲಿ ಇಂದಿನ ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆ ತನ್ನ ವರ್ಷವನ್ನು ಹೇಗೆ ಕಟ್ಟಿಕೊಂಡಿದೆ ಎಂದು ನೋಡಿದರೆ, ಅದು ಬಹುಮಟ್ಟಿಗೆ ಸರ್ಕಾರಿ ದಿನಾಚರಣೆಗಳ ವರ್ಷವೆಂಬುದು ಎದ್ದು ಕಾಣುತ್ತದೆ. ಆಗಸ್ಟ್ 12ರಂದು ರಂಗನಾಥನ್ ಅವರ ಜನ್ಮದಿನದ ನೆನಪಿನಲ್ಲಿ ಗ್ರಂಥಪಾಲಕರ ದಿನ, ನವೆಂಬರ್ 1ರಂದು ರಾಜ್ಯೋತ್ಸವ, ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ, ನಡುವೆ ಜಯಂತಿಗಳು. ಸಪ್ತಾಹವು 1968ರಿಂದ ದೇಶದಾದ್ಯಂತ ನಡೆದುಬಂದಿದ್ದು, ಅದರ ಮೊದಲ ದಿನವೇ ಮಕ್ಕಳ ದಿನವೂ ಆಗಿರುವುದರಿಂದ ಶಾಲಾ ಮಕ್ಕಳು ಸಾಲುಗಟ್ಟಿ ಗ್ರಂಥಾಲಯಕ್ಕೆ ಬರುವ ಅವಕಾಶ ಒದಗಿಸುತ್ತದೆ. ಇದನ್ನು ಕಡೆಗಣಿಸುವಂತಿಲ್ಲ, ಗ್ರಂಥಾಲಯದ ಬಾಗಿಲನ್ನು ಒಮ್ಮೆಯಾದರೂ ದಾಟಿದ ಮಗುವಿಗೂ ದಾಟದ ಮಗುವಿಗೂ ವ್ಯತ್ಯಾಸವಿದೆ. ಆದರೆ ಆ ಏಳು ದಿನಗಳಲ್ಲಿ ವರ್ಷದ ಉತ್ಸಾಹವೆಲ್ಲ ಖರ್ಚಾಗಿ, ಉಳಿದ ಐವತ್ತೊಂದು ವಾರಗಳಲ್ಲಿ ಗ್ರಂಥಾಲಯವು ಪತ್ರಿಕೆ ಓದುವ ಕೋಣೆಯಾಗಿ ಉಳಿದುಬಿಡುವುದು ಸಪ್ತಾಹದ ಯಶಸ್ಸೆನಿಸಲಾರದು.

ಇಂಥ ಸಮಾರಂಭವೊಂದರ ಆಮಂತ್ರಣ ಪತ್ರಿಕೆಯನ್ನು ಕೈಗೆತ್ತಿಕೊಂಡು ನೋಡಿದರೆ ತೊಡಕು ಎಲ್ಲಿದೆ ಎಂಬುದು ತಿಳಿಯುತ್ತದೆ. ಶಿಷ್ಟಾಚಾರದ ನಿಯಮದಂತೆ, ಅಂದರೆ ಸರ್ಕಾರಿ ಸಮಾರಂಭದಲ್ಲಿ ಯಾರ ಹೆಸರು ಯಾರ ನಂತರ ಬರಬೇಕೆಂಬ ಕಟ್ಟಳೆಯಂತೆ, ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತಿ, ಮುಖ್ಯ ಅತಿಥಿಗಳು ಎಂಬ ಶೀರ್ಷಿಕೆಗಳ ಕೆಳಗೆ ಸಂಸದರು, ಶಾಸಕರು, ಮಹಾಪೌರರು, ಅಧಿಕಾರಿಗಳ ಹೆಸರುಗಳು ಪುಟ ತುಂಬುತ್ತವೆ. ಉಪನ್ಯಾಸಕರ ಹೆಸರು ಕೊನೆಯಲ್ಲಿ ಒಂದು ಸಾಲಿನಷ್ಟು ಜಾಗ ಪಡೆಯುತ್ತದೆ, ಅವರು ಮಾತನಾಡುವ ಪುಸ್ತಕ ಯಾವುದೆಂಬುದಕ್ಕೆ ಅನೇಕ ವೇಳೆ ಜಾಗವೇ ಇರುವುದಿಲ್ಲ. ದೀಪ ಬೆಳಗಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಮುಗಿಯುವ ಹೊತ್ತಿಗೆ ಮಕ್ಕಳು ದಣಿದಿರುತ್ತಾರೆ, ಪಕ್ಕದ ಕೋಣೆಯ ಪುಸ್ತಕ ಪ್ರದರ್ಶನವನ್ನು ಅವಸರದಲ್ಲಿ ಸುತ್ತಿ ಹೊರಡುತ್ತಾರೆ. ಪ್ರದರ್ಶನಕ್ಕಿಟ್ಟ ಪುಸ್ತಕವನ್ನು ಅಲ್ಲಿಯೇ ಎರವಲು ಬರೆಸಿಕೊಂಡು ಮನೆಗೆ ಒಯ್ಯುವ ಏರ್ಪಾಡು ಮಾಡಿದರೆ ಸಮಾರಂಭದ ಅರ್ಥವೇ ಬದಲಾಗುತ್ತದೆ. ಅದಕ್ಕೆ ಬೇಕಾಗಿರುವುದು ಒಂದು ಮೇಜು, ಎರವಲು ವಹಿ ಮತ್ತು ಸದಸ್ಯತ್ವದ ಅರ್ಜಿಗಳು.

ಜನ ಬದುಕುವ ವರ್ಷ ಬೇರೆಯೇ ಆಗಿದೆ. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಶಾಲೆಗಳಿಗೆ ರಜೆ ಇದ್ದು, ಆ ಅವಧಿಯ ಬೇಸಿಗೆ ಶಿಬಿರಗಳು ಅವಳಿನಗರದಲ್ಲಿ ಈಗ ದೊಡ್ಡ ಚಟುವಟಿಕೆಯಾಗಿವೆ. ಖಾಸಗಿ ಶಿಬಿರಗಳ ಶುಲ್ಕ ತೆರಲಾಗದ ಮನೆಯ ಮಕ್ಕಳಿಗೆ ಸಾರ್ವಜನಿಕ ಗ್ರಂಥಾಲಯದ ಶಿಬಿರವೇ ಗತಿ ಎಂಬುದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ. ಆದರೆ ಚಿತ್ರಕಲೆ, ಕರಕುಶಲ, ನೃತ್ಯಗಳನ್ನೇ ಕಲಿಸುವ ಶಿಬಿರ ಗ್ರಂಥಾಲಯದ ಆವರಣದಲ್ಲಿ ನಡೆದ ಮಾತ್ರಕ್ಕೆ ಗ್ರಂಥಾಲಯದ ಶಿಬಿರವಾಗುವುದಿಲ್ಲ. ಕರ್ನಾಟಕ ಬಾಲವಿಕಾಸ ಅಕಾಡೆಮಿಯ ಕೇಂದ್ರ ಧಾರವಾಡದಲ್ಲಿಯೇ ಇದೆ, ಮಕ್ಕಳಿಗಾಗಿ ಬರೆಯುವವರೂ ಈ ಭಾಗದಲ್ಲಿ ಹಲವರಿದ್ದಾರೆ. ಕತೆ ಓದಿ ಹೇಳುವುದು, ಓದಿದ ಕತೆಯನ್ನು ಆಡಿ ತೋರಿಸುವುದು, ಆಮೇಲೆ ಆ ಕತೆಯ ಪುಸ್ತಕವನ್ನು ಮಗುವಿನ ಕೈಗೇ ಕೊಡುವುದು, ಈ ಕ್ರಮ ಇಲ್ಲಿ ಸುಲಭವಾಗಿ ಸಾಧ್ಯ.

ಮಳೆಗಾಲದ ಮಾತು ಇನ್ನೂ ಗಂಭೀರ. ಅರೆಮಲೆನಾಡಿನ ಅಂಚಿನಲ್ಲಿರುವ ಧಾರವಾಡದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಟಿಜಿಟಿ ಮಳೆ ಹಿಡಿದುಕೊಂಡಾಗ ಮೈದಾನದ ಆಟ, ಬಯಲಿನ ಸಭೆ ಎಲ್ಲವೂ ನಿಂತು ಜನ ಸೂರಿನಡಿ ಸೇರುತ್ತಾರೆ. ಓದಿಗೂ ಕೇಳ್ಮೆಗೂ ಇದಕ್ಕಿಂತ ತಕ್ಕ ಕಾಲವಿಲ್ಲ. ಶ್ರಾವಣದ ಪುರಾಣ ಈ ತಿಳಿವಳಿಕೆಯ ಮೇಲೆಯೇ ನಿಂತಿದೆ. ನಾಗರಪಂಚಮಿಯ ಜೋಕಾಲಿ, ಉಂಡಿಗಳ ಸಂಭ್ರಮ ಮುಗಿದ ಮೇಲೆ ತಿಂಗಳುಗಟ್ಟಲೆ ಒಂದೇ ಕೃತಿಯನ್ನು ಬಿಡದೆ ಓದುವ ಗಮಕ ವಾಚನ, ಅಂದರೆ ಹಳಗನ್ನಡ ಮತ್ತು ನಡುಗನ್ನಡ ಕಾವ್ಯವನ್ನು ರಾಗವಾಗಿ ಓದಿ ವ್ಯಾಖ್ಯಾನಿಸುವ ಕಲೆ, ಗ್ರಂಥಾಲಯದ ಸಭಾಂಗಣದಲ್ಲಿ ನಡೆಯಲು ಯಾವ ಅಡ್ಡಿಯೂ ಇಲ್ಲ. ಕಾದಂಬರಿಯೊಂದನ್ನು ವಾರಕ್ಕೊಂದು ಅಧ್ಯಾಯದಂತೆ ಓದುವುದಕ್ಕೂ ಇಲ್ಲ. ಆದರೂ ಗ್ರಂಥಾಲಯದ ದಿನಾಚರಣೆಗಳ ಪಟ್ಟಿಯಲ್ಲಿ ಈ ನಾಲ್ಕು ತಿಂಗಳುಗಳು ಬಹುತೇಕ ಬರಿದಾಗಿರುವುದು ವಿಷಾದದ ಸಂಗತಿ. ನೆರೆಯ ಕೇರಳದಲ್ಲಿ ಗ್ರಂಥಾಲಯ ಚಳವಳಿಯ ಮುಂದಾಳು ಪಿ.ಎನ್. ಪಣಿಕ್ಕರ್ ಅವರ ನೆನಪಿನ ವಾಚನ ದಿನ ಜೂನ್ 19ಕ್ಕೆ, ಸುರಿವ ಮಳೆಯ ನಡುವೆಯೇ ಬರುತ್ತದೆ ಮತ್ತು ಅಲ್ಲಿಂದ ಹಲವು ದಿನ ಶಾಲೆ, ಗ್ರಂಥಾಲಯಗಳಲ್ಲಿ ಓದಿನ ಚಟುವಟಿಕೆ ನಡೆಯುತ್ತದೆ.

ಇವೆಲ್ಲಕ್ಕಿಂತ ಧಾರವಾಡಕ್ಕೇ ವಿಶಿಷ್ಟವಾದ ಋತುವೊಂದಿದೆ. ಅದು ನೇಮಕಾತಿ ಅಧಿಸೂಚನೆಗಳ ಋತು. ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ ಹುದ್ದೆಗಳ ಪರೀಕ್ಷೆಗೆ ಸಿದ್ಧರಾಗಲು ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂದ ಸಾವಿರಾರು ಯುವಕ ಯುವತಿಯರು ಸಪ್ತಾಪುರ ಮತ್ತು ಸುತ್ತಲಿನ ಬಡಾವಣೆಗಳ ಪಿಜಿಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ವರ್ಷಗಟ್ಟಲೆ ಉಳಿಯುತ್ತಾರೆ. ಅಲ್ಲಿ ಲೈಬ್ರರಿ ಎಂಬ ಹಲಗೆ ಹೊತ್ತ ಖಾಸಗಿ ಓದುಕೋಣೆಗಳು ಬೀದಿಬೀದಿಗೂ ಹುಟ್ಟಿಕೊಂಡಿವೆ. ಅವು ತಿಂಗಳ ಬಾಡಿಗೆಗೆ ಕೊಡುವುದು ಕುರ್ಚಿ, ಮೇಜು, ಫ್ಯಾನು, ವೈಫೈಗಳನ್ನೇ ಹೊರತು ಪುಸ್ತಕಗಳನ್ನಲ್ಲ. ಆ ಬಾಡಿಗೆಯೂ ಭಾರವಾದವರು ಸಾರ್ವಜನಿಕ ಗ್ರಂಥಾಲಯಕ್ಕೆ ಬೆಳಿಗ್ಗೆಯೇ ಬಂದು ಸ್ಥಳ ಹಿಡಿದು, ತಮ್ಮದೇ ನೋಟ್ಸ್ ಬಿಡಿಸಿಕೊಂಡು ಕೂರುತ್ತಾರೆ. ಸ್ಥಳವನ್ನು ಬಳಸಿ ಪುಸ್ತಕವನ್ನು ಮುಟ್ಟದ ಇವರು ನಿಜವಾದ ಓದುಗರಲ್ಲವೆಂಬ ಗೊಣಗಾಟ ಹಿರಿಯ ಓದುಗರ ನಡುವೆ ಕೇಳಿಬರುವುದುಂಟು. ಇದು ಒಪ್ಪತಕ್ಕ ಮಾತಲ್ಲ. ದಿನಕ್ಕೆ ಹತ್ತು ಗಂಟೆ ಓದುವ ತರುಣರನ್ನು ತನ್ನ ಸೂರಿನಡಿ ಪಡೆದಿರುವ ಗ್ರಂಥಾಲಯ, ಅವರು ತನ್ನ ಪುಸ್ತಕಗಳತ್ತ ಏಕೆ ತಿರುಗುತ್ತಿಲ್ಲವೆಂದು ತನ್ನನ್ನೇ ಕೇಳಿಕೊಳ್ಳಬೇಕು.

ಪತ್ರಿಕೆಗಳ ವಿಭಾಗದಲ್ಲಿ ಬೆಳಗಿನ ಹೊತ್ತು ನಡೆಯುವುದನ್ನು ಗಮನಿಸಿದರೆ ಉತ್ತರದ ಒಂದು ತುದಿ ಸಿಗುತ್ತದೆ. ಇಳಿಜಾರು ಮೇಜಿನ ಮೇಲೆ ಹರಡಿದ ಪತ್ರಿಕೆಯ ಒಂದೊಂದು ಹಾಳೆಗೂ ಇಬ್ಬರು ಮೂವರು ಬಾಗಿ ನಿಂತಿರುತ್ತಾರೆ; ಸಂಪಾದಕೀಯ ಪುಟದ ಅಂಕಿ-ಅಂಶಗಳನ್ನು ಚಿಕ್ಕ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವ ಹುಡುಗಿಯ ಪಕ್ಕದಲ್ಲಿ ನಿಧನ ವಾರ್ತೆ ಓದುವ ನಿವೃತ್ತ ಶಿಕ್ಷಕರಿರುತ್ತಾರೆ, ಉದ್ಯೋಗದ ಜಾಹೀರಾತನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುವವರಿರುತ್ತಾರೆ. ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಪ್ರಬಂಧ ಪತ್ರಿಕೆಯಿದೆ, ಕಡ್ಡಾಯ ಕನ್ನಡ ಪತ್ರಿಕೆಯೂ ಇದೆ. ಕರ್ನಾಟಕದ ಇತಿಹಾಸ, ನೀರಾವರಿ, ಜಾತಿ, ಭೂಸುಧಾರಣೆಗಳ ಬಗ್ಗೆ ಗೈಡುಗಳಿಗಿಂತ ಬಹಳ ಚೆನ್ನಾಗಿ ಹೇಳುವ ಪುಸ್ತಕಗಳು ಪಕ್ಕದ ಕೋಣೆಯ ಕಪಾಟಿನಲ್ಲೇ ಇರುತ್ತವೆ. ತಿಂಗಳಿಗೊಂದು ವಿಷಯ ಆಯ್ದು, ಅದರ ಬಗ್ಗೆ ಕರ್ನಾಟಕ ವಿಶ್ವವಿದ್ಯಾಲಯದ ಅಧ್ಯಾಪಕರೊಬ್ಬರಿಂದ ಒಂದು ಗಂಟೆಯ ಮಾತು ಏರ್ಪಡಿಸಿ, ಸಂಬಂಧಪಟ್ಟ ಹತ್ತು ಪುಸ್ತಕಗಳನ್ನು ಅಲ್ಲಿಯೇ ಮೇಜಿನ ಮೇಲಿಟ್ಟರೆ ಅದು ಕೋಚಿಂಗ್ ಸೆಂಟರಿನ ನಕಲಾಗುವುದಿಲ್ಲ. ಪರೀಕ್ಷೆಗೆಂದು ಬಂದವರನ್ನು ಓದಿಗೆ ಉಳಿಸಿಕೊಳ್ಳುವ ಉಪಾಯವಾಗುತ್ತದೆ. ಇವರಲ್ಲಿ ಹೆಚ್ಚಿನವರಿಗೆ ಸರ್ಕಾರಿ ನೌಕರಿ ಸಿಗಲಾರದೆಂಬ ಕಟುಸತ್ಯವನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ಕೆಲಸದ ತುರ್ತು ಇನ್ನೂ ಹೆಚ್ಚುತ್ತದೆ.

ಸಮುದಾಯದ ಸುದ್ದಿಯ ವಿಷಯಕ್ಕೆ ಬಂದರೆ, ಹುಬ್ಬಳ್ಳಿ ಕನ್ನಡ ಪತ್ರಿಕೋದ್ಯಮದ ಮುಖ್ಯ ಕೇಂದ್ರಗಳಲ್ಲೊಂದಾದ್ದರಿಂದ ಊರಿನ ಸಭೆ ಸಮಾರಂಭಗಳ ಮಾಹಿತಿ ಪತ್ರಿಕೆಗಳ ‘ಇಂದಿನ ಕಾರ್ಯಕ್ರಮ’ ಅಂಕಣಗಳಲ್ಲಿ ಬರುತ್ತದೆ, ಈಚೆಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅದಕ್ಕಿಂತ ಮೊದಲೇ ಹರಿದಾಡುತ್ತದೆ. ಹೀಗಿರುವಾಗ ಗ್ರಂಥಾಲಯದ ಸೂಚನಾ ಫಲಕಕ್ಕೆ ಏನು ಕೆಲಸವೆಂಬ ಪ್ರಶ್ನೆ ಸಹಜ. ಪತ್ರಿಕೆಯ ಅಂಕಣ ಮರುದಿನಕ್ಕೆ ಹಳತಾಗುತ್ತದೆ. ವಾಟ್ಸ್‌ಆ್ಯಪ್ ಸುದ್ದಿ ಆ ಗುಂಪಿನಲ್ಲಿ ಇದ್ದವರಿಗಷ್ಟೇ ತಲುಪುತ್ತದೆ. ಗುಂಪಿಲ್ಲದ ಓದುಗನಿಗೆ, ನೈಋತ್ಯ ರೈಲ್ವೆಯ ಕೆಲಸಕ್ಕೆಂದು ಬೇರೆ ರಾಜ್ಯದಿಂದ ಹುಬ್ಬಳ್ಳಿಗೆ ಬಂದು ನೆಲೆಸಿದ ಕುಟುಂಬಕ್ಕೆ, ಮನೆಯಲ್ಲಿ ಉರ್ದು, ಮರಾಠಿ, ಕೊಂಕಣಿ ಆಡುವವರಿಗೆ ಊರಿನ ಬದುಕಿನಲ್ಲಿ ಕಾಲಿಡಲು ಸಾರ್ವಜನಿಕ ಬಾಗಿಲೊಂದು ಬೇಕು, ಮತ್ತು ಫಲಕವು ಆ ಭಾಷೆಗಳಲ್ಲೂ ಮಾತನಾಡಬೇಕು. ಇದರ ಜೊತೆಗೆ ಪತ್ರಿಕೆ ಮಾಡಲಾರದ ಇನ್ನೊಂದು ಕೆಲಸವಿದೆ. ಅವಳಿನಗರದಲ್ಲಿ ನಡೆಯುವ ಸಂಗೀತ ಸಭೆ, ನಾಟಕ, ಪುಸ್ತಕ ಬಿಡುಗಡೆ, ಕಾರ್ಮಿಕ ಸಭೆಗಳ ಆಮಂತ್ರಣ ಪತ್ರಿಕೆ, ಕರಪತ್ರಗಳು ಸಮಾರಂಭ ಮುಗಿದೊಡನೆ ರದ್ದಿಗೆ ಹೋಗುತ್ತವೆ. ಅವುಗಳ ಒಂದೊಂದು ಪ್ರತಿಯನ್ನು ತಾರೀಖಿನಂತೆ ಜೋಡಿಸಿಟ್ಟರೆ ಐವತ್ತು ವರ್ಷಗಳ ನಂತರ ಈ ಊರಿನ ಸಾಂಸ್ಕೃತಿಕ ಇತಿಹಾಸ ಬರೆಯುವವರಿಗೆ ಅದೇ ಆಕರವಾಗುತ್ತದೆ. ಗೆಳೆಯರ ಗುಂಪಿನ ಕಾಲದ ಇಂಥ ಕಾಗದಗಳನ್ನು ಯಾವುದೋ ಸಾರ್ವಜನಿಕ ಕಪಾಟು ಕ್ರಮವಾಗಿ ಕಾಯ್ದಿಟ್ಟಿದ್ದರೆ ಇಂದಿನ ಸಂಶೋಧಕರ ಹಾದಿ ಎಷ್ಟು ಸುಗಮವಾಗುತ್ತಿತ್ತೆಂದು ಊಹಿಸಬಹುದು.

ಜನರ ಅಗತ್ಯಕ್ಕೆ ತಕ್ಕಂತೆ ಕಾರ್ಯಕ್ರಮ ರೂಪಿಸುವ ವಿಷಯದಲ್ಲಿ ನಗರದ ಗ್ರಂಥಾಲಯಗಳು ಹಳ್ಳಿಗಳಿಂದ ಕಲಿಯುವುದಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದ ಮೇಲೆ, ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ ‘ಓದುವ ಬೆಳಕು’ ಅಭಿಯಾನದ ಮೂಲಕ ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟು ಓದಿನ ಚಟುವಟಿಕೆಗಳನ್ನು ಆರಂಭಿಸಿದವು. ಆ ಅಭಿಯಾನ ಯಾವ ಜಯಂತಿಗೂ ಕಾಯದೆ ಮಕ್ಕಳ ಅಂದಿನ ಅಗತ್ಯದಿಂದ ಹುಟ್ಟಿತ್ತು.

ಹಣದ ಕೊರತೆಯ ಮಾತು ಇಲ್ಲಿ ಬಂದೇ ಬರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಂತೆ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರವಾಗಿ ವಸೂಲಾಗುತ್ತದೆ. ವಸೂಲಾದದ್ದು ಸ್ಥಳೀಯ ಸಂಸ್ಥೆಗಳಿಂದ ಸಕಾಲಕ್ಕೆ ಗ್ರಂಥಾಲಯಗಳಿಗೆ ಸಂದಾಯವಾಗುವುದಿಲ್ಲವೆಂಬುದು ರಾಜ್ಯದಾದ್ಯಂತ ಕೇಳಿಬರುವ ದೂರು. ಸಿಬ್ಬಂದಿಯ ಕೊರತೆಯೂ ನಿಜವೇ, ಶಾಖಾ ಗ್ರಂಥಾಲಯವೊಂದನ್ನು ಒಬ್ಬರೇ ತೆರೆದು, ಗುಡಿಸಿ, ಪುಸ್ತಕ ಕೊಟ್ಟು, ಬೀಗ ಹಾಕಬೇಕಾದಲ್ಲಿ ಕಾರ್ಯಕ್ರಮದ ಹೊರೆಯನ್ನು ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಮೇಲೆ ಹೇಳಿದ ಕೆಲಸಗಳಲ್ಲಿ ಹೆಚ್ಚಿನವು ದುಬಾರಿಯವಲ್ಲ, ಶಾಲು ಹಾರಗಳ ಖರ್ಚಿನಲ್ಲೇ ಅವು ನಡೆಯಬಲ್ಲವು, ಮತ್ತು ಉಪನ್ಯಾಸಕ್ಕೆ, ಗಮಕಕ್ಕೆ, ಕತೆ ಹೇಳುವುದಕ್ಕೆ ಸ್ವಇಚ್ಛೆಯಿಂದ ಬರುವವರು ಧಾರವಾಡದಲ್ಲಿ ಎಂದೂ ಕಡಿಮೆಯಿಲ್ಲ. ಕಾಯಿದೆಯೇ ರಚಿಸಿರುವ ಗ್ರಂಥಾಲಯ ಪ್ರಾಧಿಕಾರಗಳ ಮುಂದೆ ವರ್ಷದ ಕಾರ್ಯಕ್ರಮ ಪಟ್ಟಿಯು ಬೇಸಿಗೆ ರಜೆಗೆ ಮೊದಲೇ, ಮಾರ್ಚ್ ತಿಂಗಳಿನಲ್ಲಿ ಬರಬೇಕು. ಪ್ರತಿಯೊಂದು ಕಾರ್ಯಕ್ರಮದ ವರದಿಯಲ್ಲಿ ಗಣ್ಯರ ಛಾಯಾಚಿತ್ರದ ಜಾಗದಲ್ಲಿ, ಅದರ ಮುಂದಿನ ಹದಿನೈದು ದಿನಗಳಲ್ಲಿ ಎಷ್ಟು ಹೊಸ ಸದಸ್ಯರಾದರು ಮತ್ತು ಆ ವಿಷಯದ ಯಾವ ಯಾವ ಪುಸ್ತಕಗಳು ಎರವಲು ಹೋದವು ಎಂಬ ವಿವರ ಇರಬೇಕು.